ಮನುಷ್ಯರೇ ಬರೆದದ್ದೆಂದು ದೃಢೀಕರಿಸುತ್ತೇನೆ

ಮನೆಯಲ್ಲಿ ಒಬ್ಬರು ಕಾನೂನು ಓದಲು ಹೊರಟರೆ ನಗುವಂಥ ಸಂಗತಿಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ. ಮಗಳ ಲಾ ಕಾಲೇಜಿನವರು ಎಐ ಬಳಸಬಾರದೆಂದು ನಿಯಮ ಮಾಡಿದ ಮೇಲಂತೂ ನಮ್ಮ ಮನೆಗೆ ವಾರಕ್ಕೊಂದು ಬಂದಿದೆ.

ನಾನು ಆಲೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಅವಳಿನ್ನೂ ಅಲ್ಲಿಂದ ಪಾಸಾಗಿ ಹೊರಗೆ ಬರಬೇಕು.

ನಿಯಮವೇ ಬೇಡವೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರು ಬರೆದದ್ದನ್ನು ತಂದು ನಿಮ್ಮದೆಂದು ಕೊಡಬೇಡಿ ಎಂದು ಇಪ್ಪತ್ತೆಂಟು ವರ್ಷ ನಾನೂ ಮಕ್ಕಳಿಗೆ ಹೇಳಿದ್ದೇನೆ. ಕೊಟ್ಟವರನ್ನು ಹಿಡಿದೂ ಇದ್ದೇನೆ. ಆದರೆ ನಾನು ಓದಿ ಹಿಡಿಯುತ್ತಿದ್ದೆ.

ಮೊದಲೆಲ್ಲ ಇಂಥದ್ದೇನಾದರೂ ನಡೆದ ದಿನ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ಸೌಟು ಕೈಯಲ್ಲಿ ಹಿಡಿದುಕೊಂಡೇ ನಗುತ್ತಿದ್ದಳು. ಅವಳು ನಕ್ಕರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು. ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಅವಳು ತೀರಿಕೊಂಡಳು. ಈಗ ಸಿಟ್ಟು ಇಳಿಯುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಗುವವರು ನಗಲಿ.

೧. ಇಬ್ಬರ ಸಹಿ

ನಿಯಮ ಬಂದ ವಾರವೇ ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಮುಚ್ಚಳಿಕೆ ಪತ್ರ ಕೊಟ್ಟರು. ‘ಮೇಲ್ಕಂಡ ವಿದ್ಯಾರ್ಥಿಯು ಯಾವುದೇ ಬರಹಕ್ಕೆ ಕೃತಕ ಬುದ್ಧಿಮತ್ತೆಯನ್ನು ಬಳಸುವುದಿಲ್ಲ, ಪೋಷಕರಾದ ನಾವೂ ಬಳಸಿ ಸಹಾಯ ಮಾಡುವುದಿಲ್ಲ’ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ತಂದೆಯ ಸಹಿ, ತಾಯಿಯ ಸಹಿ. ಎರಡೂ ಕಡ್ಡಾಯ.

ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ. ಓಟು ಹಾಕುತ್ತಾಳೆ. ಮದುವೆಯಾಗುತ್ತೇನೆಂದರೆ ಯಾರನ್ನೂ ಕೇಳಬೇಕಾಗಿಲ್ಲ. ಇನ್ನು ಕೆಲವು ತಿಂಗಳಿಗೆ ಕರಿ ಕೋಟು ಹಾಕಿಕೊಂಡು ಇನ್ನೊಬ್ಬರ ಪರವಾಗಿ ನಿಂತು ಮಾತಾಡುತ್ತಾಳೆ. ತನ್ನ ಪ್ರಬಂಧ ತಾನೇ ಬರೆಯುತ್ತೇನೆ ಎಂದು ಹೇಳಲು ಮಾತ್ರ ಅಪ್ಪ ಅಮ್ಮ ಇಬ್ಬರೂ ಬೇಕು.

ತಂದೆಯ ಜಾಗದಲ್ಲಿ ಸಹಿ ಹಾಕಿದೆ. ತಾಯಿಯ ಜಾಗದಲ್ಲಿ ಗೆರೆ ಎಳೆದು ‘ಮೃತರಾಗಿದ್ದಾರೆ’ ಎಂದು ಬರೆದು ಕಳಿಸಿದೆ. ನಾಲ್ಕು ದಿನ ಬಿಟ್ಟು ಪತ್ರ ವಾಪಸು ಬಂತು. ಮೇಲ್ಗಡೆ ಯಾರೋ ಪೆನ್ಸಿಲಿನಲ್ಲಿ ‘ಅಪೂರ್ಣ’ ಎಂದು ಬರೆದಿದ್ದರು. ಅರ್ಧ ದಿನ ರಜೆ ಹಾಕಿ ನಾನೇ ಹೋದೆ.

ಕಚೇರಿಯ ಗುಮಾಸ್ತರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ತಾಯಿ ಸಹಿ ಇಲ್ವಲ್ಲ ಮೇಷ್ಟ್ರೇ.”

“ಅವರು ತೀರಿಕೊಂಡಿದ್ದಾರೆ. ಅಲ್ಲೇ ಬರೆದಿದ್ದೇನೆ ನೋಡಿ.”

“ನೋಡ್ದೆ. ತೀರಿಕೊಂಡಿದ್ದಾರೆ ಅಂತ ನೀವು ಬರೆದಿದ್ದೀರಿ. ಸರಿ. ಎಐ ಬಳಸಲ್ಲ ಅಂತ ಯಾರು ಬರೆದಿದ್ದಾರೆ?”

“ಯಾರು ಬರೆಯಬೇಕು ಅಂತೀರಿ?”

“ಅವರೇ ಬರೀಬೇಕು. ಅವರ ಪರವಾಗಿ ನೀವು ಬರೆಯೋಕೆ ಬರಲ್ಲ. ಇದು ಲಾ ಕಾಲೇಜು ಸರ್, ಬಾಯಿ ಮಾತು ನಡೆಯಲ್ಲ.”

ನನಗೆ ಕಿವಿ ಬಿಸಿಯಾಯಿತು. ಆದರೂ ಸಮಾಧಾನದಿಂದಲೇ ಕೇಳಿದೆ, “ಹಾಗಾದರೆ ನಾನೀಗ ಏನು ಮಾಡಬೇಕು?”

ಅವರು ಒಳ್ಳೆಯ ಮನುಷ್ಯರು. ನಿಜವಾಗಿಯೂ ನನಗಾಗಿ ಯೋಚನೆ ಮಾಡಿದರು. ಮೇಜಿನ ಗಾಜಿನ ಕೆಳಗಿದ್ದ ಸುತ್ತೋಲೆಯನ್ನು ಇನ್ನೊಮ್ಮೆ ಓದಿಕೊಂಡರು. ಕೊನೆಗೆ, “ಡೆತ್ ಸರ್ಟಿಫಿಕೇಟ್ ಜೆರಾಕ್ಸ್ ಲಗತ್ತಿಸಿ. ಗೆಜೆಟೆಡ್ ಆಫೀಸರ್ ಹತ್ರ ಅಟೆಸ್ಟ್ ಮಾಡಿಸಿರ್ಬೇಕು,” ಎಂದರು.

ಮಾಡಿಸಿದೆ. ಒಂದು ವಾರ ಬಿಟ್ಟು ತೆಗೆದುಕೊಂಡು ಹೋದೆ. ಅವರು ಎರಡು ಹಾಳೆಯನ್ನೂ ಜೋಡಿಸಿ ಪಿನ್ನು ಹೊಡೆದು, ಫೈಲಿಗೆ ಸೇರಿಸಿ, ಬಹಳ ತೃಪ್ತಿಯಿಂದ ನನ್ನ ಮುಖ ನೋಡಿದರು.

“ಈಗ ಪಕ್ಕಾ ಆಯ್ತು ನೋಡಿ ಮೇಷ್ಟ್ರೇ. ಇನ್ನು ಅವರು ಬಳಸೋ ಪ್ರಶ್ನೇನೇ ಬರಲ್ಲ.”

೨. ಚಿಂತನೆ ಕಾಣುವಂತೆ

ಮುಂದಿನ ನಿಯಮ ಇನ್ನೂ ಚೆನ್ನಾಗಿತ್ತು. ಪ್ರಬಂಧವನ್ನು ಕೈಯಲ್ಲೇ ಬರೆಯಬೇಕು. ಜೊತೆಗೆ ಅದರ ಕಚ್ಚಾ ಪ್ರತಿಯನ್ನೂ ಕೊಡಬೇಕು. ಕಚ್ಚಾ ಪ್ರತಿಯಲ್ಲಿ ‘ವಿದ್ಯಾರ್ಥಿಯ ಚಿಂತನೆ ಕಾಣುವಂತೆ’ ಪುಟಕ್ಕೆ ಐದಕ್ಕೆ ಕಡಿಮೆಯಿಲ್ಲದಂತೆ ಹೊಡೆದು ತಿದ್ದಿರಬೇಕು. ಯಂತ್ರ ಬರೆದರೆ ಚಿತ್ತು ಕಾಟು ಇರುವುದಿಲ್ಲ, ಮನುಷ್ಯರು ಬರೆದರೆ ಇರುತ್ತದೆ ಎನ್ನುವುದು ಅವರ ಲೆಕ್ಕ.

ಒಂದು ದಿನ ಬೆಳಗ್ಗೆ ಮಗ್ಗೆಯಿಂದ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ, ಕೊರಳಿನ ಗುರುತುಚೀಟಿ ನೋಡಿದರೆ, ಮಗಳ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು. ಒಬ್ಬನ ತೊಡೆಯ ಮೇಲೆ ಫೋನು. ಅದರಲ್ಲಿ ಎಐ ಬರೆದುಕೊಟ್ಟ ಪ್ರಬಂಧ. ಅವರ ಮಾತಿನಿಂದ ತಿಳಿಯಿತು, ಅದನ್ನು ಹಿಂದಿನ ದಿನವೇ ಅಚ್ಚುಕಟ್ಟಾಗಿ ಕೈಯಲ್ಲಿ ನಕಲು ಮಾಡಿಯಾಗಿತ್ತು. ಈಗ ಇನ್ನೊಬ್ಬ ಅದಕ್ಕೆ ಕಚ್ಚಾ ಪ್ರತಿ ತಯಾರು ಮಾಡುತ್ತಿದ್ದ.

“ಈ ಪುಟಕ್ಕೆ ಎಷ್ಟು ಕಾಟಾಯ್ತು?”

“ಮೂರು ಕಣೋ.”

“ಇನ್ನೆರಡು ಹಾಕ್ಬುಡು.”

“ಎಲ್ಲಿ ಹಾಕನ? ಎಲ್ಲಾ ಸರಿಯಾಗೇ ಐತಲ್ಲ.”

“ಸರಿಯಾಗಿರೋದನ್ನೇ ಹೊಡದಾಕ್ಬುಟ್ಟು ಅದನ್ನೇ ಮ್ಯಾಲೆ ಇನ್ನೊಂದ್ಸಲ ಬರಿ ಮಾರಾಯ. ಭಾರಿ ಯೋಚ್ನೆ ಮಾಡ್ದಂಗೆ ಕಾಣ್ತದೆ.”

ಅಷ್ಟು ಹೊತ್ತಿಗೆ ಬಸ್ಸು ಹಂಪಿನ ಮೇಲೆ ಹಾರಿತು. ಪೆನ್ನು ಜಾರಿ ಪುಟದ ಈ ತುದಿಯಿಂದ ಆ ತುದಿಗೆ ಗೆರೆ ಬಿತ್ತು. ಬರೆಯುತ್ತಿದ್ದವನು ಅಯ್ಯೋ ಅಂದ. ಫೋನು ಹಿಡಿದವನು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ಲೋ, ಇದು ಚೆನ್ನಾಗೈತೆ ಕಣೋ! ಒಂದೇ ಏಟಿಗೆ ಪ್ಯಾರಾನೇ ರದ್ದು ಮಾಡ್ದಂಗೈತೆ. ಮುಂದಿನ ಹಂಪು ಎಲ್ಲಿ ಬತ್ತದೆ?”

“ಆಲೂರು ಹತ್ರ.”

“ಅಲ್ಲಿಗಂಟ ಪೆನ್ನು ಎತ್ಬ್ಯಾಡ.”

ನಾನು ಸುಮ್ಮನಿರಬಹುದಿತ್ತು. ಮೇಷ್ಟ್ರ ಬಾಯಿ, ಸುಮ್ಮನಿರಲಿಲ್ಲ. ಮುಂದಕ್ಕೆ ಬಾಗಿ, “ಪ್ರಬಂಧದ ವಿಷಯ ಏನಪ್ಪಾ?” ಎಂದೆ.

ಇಬ್ಬರೂ ತಿರುಗಿ ನೋಡಿದರು. ನನ್ನ ಗುರುತು ಅವರಿಗಿರಲಿಲ್ಲ. ಬರೆಯುತ್ತಿದ್ದವನು ಮೊದಲನೇ ಪುಟ ತೆಗೆದು, ಬೆರಳಿಟ್ಟು ಓದಿ ಹೇಳಿದ.

“ವಕೀಲರಿಗೆ ಪ್ರಾಮಾಣಿಕತೆ ಯಾಕೆ ಬೇಕು ಅಂತ ಸಾರ್.”

೩. ಆನೆಯ ಮಾಲೀಕರು

ಈಗ ಬರುವುದು ಮಗಳ ಹಾಲ್ ಟಿಕೆಟ್ಟಿಗೆ ಕುತ್ತು ತಂದ ಪ್ರಬಂಧ. ‘ಕಾಡಾನೆಗಳಿಂದ ಬೆಳೆ ಹಾಳಾದರೆ ಅದರ ಹೊಣೆ ಯಾರದು?’ ಇಪ್ಪತ್ತು ಅಂಕ. ಕನ್ನಡದಲ್ಲೂ ಬರೆಯಬಹುದಿತ್ತು.

ಮಗಳು ಮೂರು ಭಾನುವಾರ ಅಲೆದಳು. ಜೀಪಿನಲ್ಲಿ ನಿಂತುಕೊಂಡು ವನಗೂರಿಗೆ ಹೋದಳು. ಬಸ್ಸು ಹಿಡಿದು ಹೊಂಗಡಹಳ್ಳಕ್ಕೆ ಹೋದಳು. ತೋಟದವರು, ಲೈನ್ ಮನೆಗಳ ಕೂಲಿಯವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಳು. ಹೊಂಗಡಹಳ್ಳದ ಅಜ್ಜಿಯೊಬ್ಬರು, “ಬಾಳೆಗೊನೆ ಪೂರಾ ತಿಂದ್ಬುಟ್ಟು ಅಲ್ಲೇ ನಿಂತಿತ್ತು ಕಣವ್ವ. ನಾನು ಓಡ್ಸನ ಅಂತ ಒಳಗಿಂದ ತಟ್ಟೆ ಬಡುದ್ರೆ, ತಟ್ಟೇಲಿ ಇನ್ನೇನೋ ಹಾಕ್ಕೊಂಡು ಬತ್ತಾಳೆ ಅಂತ ನನ್ನೇ ನೋಡ್ತದೆ,” ಎಂದರಂತೆ. ಅದನ್ನೂ ಅವರ ಮಾತಿನಲ್ಲೇ ಪ್ರಬಂಧಕ್ಕೆ ಸೇರಿಸಿದಳು. ಹನ್ನೆರಡು ಪುಟ. ಅವಳು ವಾಕ್ಯವನ್ನು ತಲೆಯಲ್ಲಿ ಕೂಡಿಸಿಕೊಂಡು ಆಮೇಲೆ ಪೆನ್ನು ಊರುತ್ತಾಳೆ. ಅದು ನಾನು ಕಲಿಸಿದ ಅಭ್ಯಾಸ. ಹಾಗಾಗಿ ಅವಳ ಕಚ್ಚಾ ಪ್ರತಿಯಲ್ಲೂ ಕಾಟು ಇರಲಿಲ್ಲ.

ಎಐ ನಿಯಮಗಳ ಸಮಿತಿಗೆ ಸಂಚಾಲಕರಾಗಿದ್ದ ಉಪನ್ಯಾಸಕರೇ ಪ್ರಬಂಧಗಳಿಗೆ ಅಂಕ ಕೊಡುವವರು. ಎಐ ಬರಹ ಪತ್ತೆ ಹಚ್ಚಲು ತಂದಿದ್ದ ಅವರ ಸಾಫ್ಟ್‌ವೇರ್ ಮಗಳ ಪ್ರಬಂಧವನ್ನು ನೋಡಿ ‘ಯಂತ್ರ ಬರೆದದ್ದು’ ಎಂದು ಹೇಳಿತು. ಅವರು ಇಪ್ಪತ್ತಕ್ಕೆ ಸೊನ್ನೆ ಕೊಟ್ಟರು. ಈ ಸೊನ್ನೆ ಹಾಗೇ ಉಳಿದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಕೊನೆಯ ಪರೀಕ್ಷೆ ಇಲ್ಲ. ಒಂದು ವಾರದೊಳಗೆ ‘ಮನುಷ್ಯರು ಬರೆದಂತೆ’ ಇನ್ನೊಮ್ಮೆ ಬರೆದುಕೊಡಲು ಅವಕಾಶವಿತ್ತು.

ಅದೇ ತರಗತಿಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ತೆಗೆದುಕೊಂಡ ವಿದ್ಯಾರ್ಥಿಯ ಪ್ರಬಂಧವನ್ನು ಮಗಳು ತಂದು ತೋರಿಸಿದಳು. ಫೋನಿನ ಎಐಯನ್ನು ಕೇಳಿ ಬರೆದದ್ದು. ಕಾಟುಗಳು ಪುಟಕ್ಕೆ ಐದಲ್ಲ, ಹತ್ತಿದ್ದವು. ಒಳಗೆ ಹೀಗಿತ್ತು: ‘ಹಾನಿ ಮಾಡಿದ ಪ್ರಾಣಿಯ ಮಾಲೀಕರೇ ಹೊಣೆಗಾರರು. ತೋಟದವರು ಮೊದಲು ಆನೆಯ ಮಾಲೀಕರು ಯಾರೆಂದು ತಿಳಿದುಕೊಂಡು ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಬೇಕು. ಮಾಲೀಕರು ಆನೆಯನ್ನು ಕಟ್ಟಿಹಾಕದೆ ಬಿಟ್ಟಿದ್ದರೆ ಅದು ನಿರ್ಲಕ್ಷ್ಯವಾಗುತ್ತದೆ.’ ಪಕ್ಕದಲ್ಲಿ ಉಪನ್ಯಾಸಕರ ಕೆಂಪು ಶಾಯಿ: ‘ಪ್ರಾಯೋಗಿಕ ದೃಷ್ಟಿ ಮೆಚ್ಚತಕ್ಕದ್ದು.’

ಓದಿದ್ದರೆ ನಗು ಬರಬೇಕಾಗಿತ್ತು. ನಗು ಬಂದಿಲ್ಲ ಎಂದರೆ ಓದಿಲ್ಲ. ಮೂರು ಭಾನುವಾರ ಅಲೆದು ಬರೆದದ್ದನ್ನೂ ಓದಿಲ್ಲ, ಮೂರು ನಿಮಿಷದಲ್ಲಿ ಬರೆಸಿದ್ದನ್ನೂ ಓದಿಲ್ಲ. ಇಬ್ಬರಿಗೂ ಅಂಕ ಕೊಟ್ಟಿದ್ದಾರೆ.

ಮರುದಿನ ವಿಚಾರಿಸಲೆಂದು ಕಾಲೇಜಿಗೆ ಹೋದೆ. ಮಗಳು ದೂರದಿಂದ ತೋರಿಸಿದ್ದ ಆ ವಿದ್ಯಾರ್ಥಿಯೇ ಕ್ಯಾಂಟೀನಿನ ಮುಂದೆ ಸಿಕ್ಕಿದ. ಮಾತಾಡಿಸಿದೆ.

“ಯಾವೂರಪ್ಪ ನಿಂದು?”

“ವನಗೂರು ಸಾರ್.”

“ನಿಮ್ಮ ಕಡೆ ಆನೆ ಬರುತ್ತದಲ್ಲ?”

“ಬರ್ದೇ ಇರ್ತದಾ? ಹೋದ್ವಾರ ನಮ್ಮ ತೋಟಕ್ಕೇ ನುಗ್ಗಿತ್ತು. ಹನ್ನೊಂದು ಕಾಫಿ ಗಿಡ ತುಳುದಾಕ್ಬುಡ್ತು.”

“ಹೌದಾ? ಮಾಲೀಕರು ಯಾರು ಅಂತ ವಿಚಾರಿಸಿದ್ಯಾ?”

ಅವನಿಗೆ ನಾನು ಯಾರೆಂದು ಆಗ ಹೊಳೆಯಿತು. ತಲೆ ಕೆರೆದುಕೊಂಡ. ಆಮೇಲೆ ಬಹಳ ವಿನಯದಿಂದ ಹೇಳಿದ.

“ಕೇಳನ ಅಂತ್ಲೇ ಇದ್ದೆ ಸಾರ್. ಅದು ನಿಲ್ಲಲಿಲ್ಲ.”

೪. ಪುಟಕ್ಕೆ ನಾಲ್ಕು ತಪ್ಪು

ಕಾಲೇಜಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅಂಗಡಿಯವರಿಗೆ ಕಾಲೇಜಿನ ಎಲ್ಲ ಸುದ್ದಿಯೂ ಪ್ರಿನ್ಸಿಪಾಲರಿಗಿಂತ ಮೊದಲು ತಲುಪುತ್ತದೆ. ಮಗಳ ಪ್ರಬಂಧದ ಪ್ರತಿ ಮಾಡಿಸಲು ಹೋದಾಗ ಅವರು ಹಾಳೆ ತಿರುವಿ ನೋಡಿ, ಮರುಕದಿಂದ ನಿಟ್ಟುಸಿರು ಬಿಟ್ಟರು.

“ಮೇಷ್ಟ್ರೇ, ಇದ್ರಲ್ಲಿ ತಪ್ಪೇ ಇಲ್ವಲ್ರೀ.”

“ಇಲ್ಲ.”

“ಅದೇ ಎಡವಟ್ಟಾಗಿರೋದು. ಬಿಡಿ, ನಾನು ಹಾಕಿಸ್ಕೊಡ್ತೀನಿ.”

“ಏನನ್ನು?”

“ತಪ್ಪನ್ನ ಕಣ್ರೀ. ಪುಟಕ್ಕೆ ನಾಲ್ಕು. ಜಾಸ್ತಿ ಹಾಕಿದ್ರೆ ಹುಡುಗಿ ದಡ್ಡಿ ಅನ್ಕೋತಾರೆ, ಕಮ್ಮಿ ಹಾಕಿದ್ರೆ ಮಿಷನ್ ಅನ್ಕೋತಾರೆ. ನಾಲ್ಕು ಅಂದ್ರೆ ಹದವಾಗಿರ್ತದೆ. ಸುಮಾರು ಜನಕ್ಕೆ ಮಾಡ್ಕೊಟ್ಟಿದ್ದೀನಿ, ಎಲ್ಲಾ ಪಾಸು.”

ನಾನು ಪ್ರತಿಯ ದುಡ್ಡು ಕೊಟ್ಟು ಹೊರಗೆ ಬಂದೆ. ಇಪ್ಪತ್ತೆಂಟು ವರ್ಷ ಮಕ್ಕಳ ಬರಹದಿಂದ ತಪ್ಪುಗಳನ್ನು ಒಂದೊಂದಾಗಿ ಆರಿಸಿ ತೆಗೆದಿದ್ದೇನೆ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಈಗ ಅಂಗಡಿಯವರು, ಬೇಯಿಸಿದ ಅನ್ನಕ್ಕೆ ಕಲ್ಲು ಬೆರೆಸಿಕೊಡುತ್ತೇನೆ, ಆಗ ಮನುಷ್ಯರ ಅಡುಗೆ ಅಂತ ಒಪ್ಪುತ್ತಾರೆ ಎನ್ನುತ್ತಾರೆ. ಅದನ್ನು ಹೇಳಿದವರ ಮೇಲೆ ಸಿಟ್ಟಲ್ಲ. ಅವರು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ ಸಿಟ್ಟು.

ಎರಡು ದಿನ ಸ್ಕೂಲಿಗೆ ಹೋಗಿ ಬಂದೆ. ಮೂರನೆಯ ದಿನ ಭಾನುವಾರ. ವಾರ ಮುಗಿಯಲು ಇನ್ನೊಂದೇ ದಿನ. ಹಾಲ್ ಟಿಕೆಟ್ಟಿನ ಯೋಚನೆ ತಲೆ ತಿನ್ನುತ್ತಿತ್ತು. ಮಗಳು ಬಟ್ಟೆ ಒಗೆಯುತ್ತಿದ್ದಾಗ ನಾನು ಪ್ರಬಂಧದ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ನೀಲಿ ಪೆನ್ನು ತೆಗೆದುಕೊಂಡೆ. ಒಂದು ಒಳ್ಳೆಯ ವಾಕ್ಯದ ಸೊಂಟ ಮುರಿದೆ. ಇನ್ನೊಂದರ ಕ್ರಿಯಾಪದ ಕೆಡಿಸಿದೆ. ಅಲ್ಲಲ್ಲಿ ಒತ್ತಕ್ಷರ ತೆಗೆದೆ. ಒಂದೊಂದು ತಪ್ಪು ಬರೆಯುವಾಗಲೂ ಹಲ್ಲು ಕಿತ್ತಂತಾಗುತ್ತಿತ್ತು. ಹನ್ನೆರಡು ಪುಟ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಮಗಳು ಕೈ ಒರೆಸಿಕೊಂಡು ಬಂದು ಹಾಳೆಗಳನ್ನು ಎತ್ತಿಕೊಂಡಳು. ಒಂದು ಪುಟ ನೋಡಿದಳು. ಎರಡು ನೋಡಿದಳು. ಆಮೇಲೆ ನೆಲದ ಮೇಲೆ ಕೂತು ನಗತೊಡಗಿದಳು. ಅವಳಮ್ಮ ಹೋದ ಮೇಲೆ ಈ ಮನೆಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲು.

“ಅಪ್ಪ, ತಪ್ಪು ಹಾಕಿದ್ದೀಯ, ಸರಿ. ಅದಕ್ಕೆ ಕೆಂಪು ಸುತ್ತು ಯಾಕೆ ಹಾಕಿದ್ದೀಯ?”

ಇಸಿದುಕೊಂಡು ನೋಡಿದೆ. ನಿಜ. ಇನ್ನೊಂದು ಕೈ ಯಾವಾಗ ಕೆಂಪು ಪೆನ್ನು ಹಿಡಿಯಿತೋ ಗೊತ್ತಿಲ್ಲ. ಪ್ರತಿ ತಪ್ಪಿಗೂ ಒಂದು ಸುತ್ತು. ಐದನೇ ಪುಟದ ಬದಿಯಲ್ಲಿ ‘ಗಮನವಿಟ್ಟು ಬರೆ’ ಎಂದೂ ಬರೆದಿದ್ದೆ.

೫. ಬರೆದವರಿಗೆ ನೋಟಿಸ್

“ಬೇಡ ಅಪ್ಪ, ನಾನು ಬರೆದದ್ದನ್ನೇ ಮತ್ತೆ ಕೊಡ್ತೀನಿ,” ಎಂದಳು ಮಗಳು. ಕೊಟ್ಟಳು. ಸಾಫ್ಟ್‌ವೇರ್ ಮತ್ತೆ ‘ಯಂತ್ರ ಬರೆದದ್ದು’ ಎಂದಿತು. ವಿಚಾರಣೆಗೆ ಪೋಷಕರೊಡನೆ ಹಾಜರಾಗಬೇಕೆಂದು ಕರೆ ಬಂತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರಿದ್ದರು. ಪ್ರಿನ್ಸಿಪಾಲರು, ಸಂಚಾಲಕರಾದ ಆ ಉಪನ್ಯಾಸಕರು, ಕಂಪ್ಯೂಟರಿನ ಮುಂದೆ ಆಪರೇಟರ್. ಉಪನ್ಯಾಸಕರು ಒಂಬತ್ತನೇ ನಿಯಮ ಓದಿದರು: ‘ತಂತ್ರಾಂಶವು ಯಂತ್ರರಚಿತವೆಂದು ತೋರಿಸಿದ ಪ್ರತಿಯೊಂದು ಬರಹಕ್ಕೂ, ಅದನ್ನು ಬರೆದವರಿಗೆ ನೋಟಿಸ್ ನೀಡಿ ವಿವರಣೆ ಪಡೆಯತಕ್ಕದ್ದು.’ ಓದಿ, “ಏನಮ್ಮಾ ವಿವರಣೆ?” ಎಂದರು.

ಮಗಳು ಎದ್ದು ನಿಂತಳು. “ಒಂದೇ ಪ್ರಶ್ನೆ ಸರ್. ಈ ಸಾಫ್ಟ್‌ವೇರ್‌ಗೆ ಕನ್ನಡ ಬರುತ್ತಾ?”

ಉಪನ್ಯಾಸಕರು ಆಪರೇಟರ್ ಮುಖ ನೋಡಿದರು.

“ಇಲ್ಲ ಮೇಡಂ, ಇಂಗ್ಲಿಷ್ ಮಾತ್ರ,” ಎಂದರು ಆಪರೇಟರ್.

“ನನ್ನ ಪ್ರಬಂಧ ಕನ್ನಡದಲ್ಲಿದೆಯಲ್ಲ?”

“ಫೋನಲ್ಲಿ ಫೋಟೋ ತೆಗೆದು ಇಂಗ್ಲಿಷಿಗೆ ಟ್ರಾನ್ಸ್‌ಲೇಟ್ ಮಾಡ್ಕೊತೀವಿ. ಆಮೇಲೆ ಅದನ್ನ ಸಾಫ್ಟ್‌ವೇರ್‌ಗೆ ಹಾಕ್ತೀವಿ.”

“ಟ್ರಾನ್ಸ್‌ಲೇಟ್ ಮಾಡೋದು ಯಾರು?”

ಆಪರೇಟರ್ ದನಿ ಇಳಿಸಿದರು. “ಎಐ.”



“ಮತ್ತೆ ಕನ್ನಡದಲ್ಲಿ ಬರೆದ ಬೇರೆಯವರೆಲ್ಲ ಹೇಗೆ ಪಾಸಾದರು?”

“ಅವರ ಕಾಟು ಗೀಟಲ್ಲಿ ಫೋನಿಗೆ ಅಕ್ಷರ ಓದೋಕೇ ಆಗಲಿಲ್ಲ ಮೇಡಂ. ಓದೋಕಾಗದಿದ್ರೆ ಪಾಸ್ ಅಂತ ಇಟ್ಕೊಂಡಿದ್ದೀವಿ. ನಿಮ್ಮ ಅಕ್ಷರ ಒಂದೇ ನೀಟಾಗಿ ಬಂತು.”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಉಪನ್ಯಾಸಕರು ಮಾತ್ರ ಅಲ್ಲಾಡಲಿಲ್ಲ. “ಭಾಷೆ ಬದಲಾದ ಮಾತ್ರಕ್ಕೆ ಏನೂ ಆಗಲ್ಲ ಸರ್. ಮನುಷ್ಯರು ಮನಸ್ಸಿಟ್ಟು ಬರೆದದ್ದಾಗಿದ್ದರೆ ಸಾಫ್ಟ್‌ವೇರ್ ಗುರುತು ಹಿಡಿದೇ ಹಿಡಿಯುತ್ತದೆ,” ಎಂದರು.

ನಾನು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದೆ. ಅದರಲ್ಲಿ ಮಡಚಿಟ್ಟ ಒಂದು ಹಾಳೆ ಇರುತ್ತದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆಯ ವರದಿಯ ಹಿಂಬದಿಗೆ, ಪೆನ್ಸಿಲಿನಲ್ಲಿ ಬರೆದದ್ದು. ಮಗಳ ಹೊರತು ಯಾರಿಗೂ ಅದನ್ನು ತೋರಿಸಿರಲಿಲ್ಲ.

“ಇದನ್ನು ಹಾಕಿ ನೋಡಿ,” ಎಂದೆ. “ಬರೆದವರು ಯಾರೆಂದು ನನಗೆ ಗೊತ್ತು.”

ಅದರಲ್ಲಿ ಇದ್ದದ್ದು ಇಷ್ಟೆ: ‘ರೀ, ಏಲಕ್ಕಿ ಡಬ್ಬಿ ಮೇಲಿನ ಗೂಡಿನಲ್ಲಿ ಬೆಲ್ಲದ ಹಿಂದೆ ಇದೆ. ನಿಮಗೆ ಬೇಗ ಎಚ್ಚರಾಗಲ್ಲ ಅಂತ ಹಾಲಿನವಳಿಗೆ ಹೇಳಿದ್ದೀನಿ, ಜೋರಾಗಿ ಕೂಗ್ತಾಳೆ, ರೇಗಬೇಡಿ. ಮಗಳು ಬರೆದದ್ದನ್ನೆಲ್ಲ ತಿದ್ದೋಕೆ ಹೋಗಬೇಡಿ. ಅವಳಿಗೆ ಬರುತ್ತೆ.’

ಆಪರೇಟರ್ ಫೋಟೋ ತೆಗೆದರು. ಪರದೆಯ ಮೇಲೆ ಇಂಗ್ಲಿಷ್ ಮೂಡಿತು. ಅದನ್ನು ಕನ್ನಡದಲ್ಲಿ ಹೇಳುವುದಾದರೆ, ‘ಮಾನ್ಯರೇ, ಏಲಕ್ಕಿಯು ಮೇಲಿನ ಕಪಾಟಿನಲ್ಲಿ ಲಭ್ಯವಿದೆ. ಹಾಲು ಸರಬರಾಜುದಾರರಿಗೆ ಮಾಹಿತಿ ನೀಡಲಾಗಿದೆ’ ಎಂದು ಮುಂದುವರಿಯುತ್ತಿತ್ತು. ಇಪ್ಪತ್ತೈದು ವರ್ಷ ನನ್ನನ್ನು ರೀ ಎಂದವಳು ಆ ಪರದೆಯ ಮೇಲೆ ಮಾನ್ಯರೇ ಎನ್ನುತ್ತಿದ್ದಳು. ಅರ್ಧ ನಿಮಿಷಕ್ಕೆ ಕೆಂಪು ಅಕ್ಷರದಲ್ಲಿ ತೀರ್ಪು ಬಂತು. ಯಂತ್ರ ಬರೆದದ್ದು.

“ಯಾರು ಸರ್ ಇದನ್ನು ಬರೆದದ್ದು?” ಎಂದು ಕೇಳಿದರು ಪ್ರಿನ್ಸಿಪಾಲರು, ಮೆಲ್ಲಗೆ.

ಉತ್ತರ ಕೊಟ್ಟವಳು ಮಗಳು. “ನಮ್ಮಮ್ಮ ಸರ್. ಅವರು ಎಐ ಬಳಸಲ್ಲ ಅನ್ನೋದಕ್ಕೆ ನಿಮ್ಮ ಆಫೀಸ್ ಫೈಲಿನಲ್ಲೇ ದಾಖಲೆ ಇದೆ. ಗೆಜೆಟೆಡ್ ಆಫೀಸರ್ ಹತ್ತಿರ ಅಟೆಸ್ಟ್ ಮಾಡಿಸಿ ಕೊಟ್ಟಿದ್ದೀವಿ.”

ಪ್ರಿನ್ಸಿಪಾಲರು ಫೈಲು ತರಿಸಲಿಲ್ಲ. ಡ್ರಾಯರ್ ಎಳೆದು ಹಾಲ್ ಟಿಕೆಟ್ ತೆಗೆದು ಸಹಿ ಮಾಡಿ, ಎದ್ದು ನಿಂತು ಅವಳ ಕೈಗೆ ಕೊಟ್ಟರು. ಪ್ರಬಂಧವನ್ನು ತಮ್ಮ ಮುಂದೆ ಇಟ್ಟುಕೊಂಡು, “ಇದನ್ನು ನಾನೇ ಓದುತ್ತೇನಮ್ಮ,” ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಉಪನ್ಯಾಸಕರು ಗಂಟಲು ಸರಿಮಾಡಿಕೊಂಡರು.

“ಹಾಲ್ ಟಿಕೆಟ್ ಕೊಡಿ ಸರ್, ನನ್ನದೇನೂ ಅಭ್ಯಂತರವಿಲ್ಲ. ಆದರೆ ಈ ಪತ್ರ ಈಗ ಸಿಸ್ಟಮ್‌ನಲ್ಲಿ ದಾಖಲಾಗಿಬಿಟ್ಟಿದೆ. ಒಂಬತ್ತನೇ ನಿಯಮದ ಪ್ರಕಾರ ಬರೆದವರಿಗೆ ನೋಟಿಸ್ ಕೊಟ್ಟು ವಿವರಣೆ ಕೇಳಲೇಬೇಕಾಗುತ್ತದೆ.”

ನಾನು ಹಾಳೆಯನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಚಿ ಡಬ್ಬಿಗೆ ಹಾಕಿ ಮುಚ್ಚಿದೆ. ಇಷ್ಟು ವರ್ಷದಲ್ಲಿ ಯಾವ ಕಚೇರಿಯಲ್ಲೂ ದನಿ ಏರಿಸಿದವನಲ್ಲ. ಅವತ್ತೂ ಏರಿಸಲಿಲ್ಲ.

“ಕಳಿಸಿ ಸರ್,” ಎಂದೆ. “ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ. ವಿಳಾಸ ಸಿಕ್ಕಿದಾಗ ನನಗೂ ಒಂದು ಸಾಲು ಬರೆದು ತಿಳಿಸಿ.”